ಅವ್ವ ಪಾಲು ಕೇಳಿದ ವರ್ಷ

ಕಳೆದ ಡಿಸೆಂಬರಿನಲ್ಲಿ ಓಮಲೂರು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಧರ್ಮಪುರಿ ಕಡೆಯಿಂದ ಬಂದ ಬಸ್ಸಿನಿಂದ ಹೆಂಗಸೊಬ್ಬಳು ಗೋಣಿಚೀಲ ಇಳಿಸುವಾಗ ಅದರ ಬಾಯಿ ಬಿಚ್ಚಿಕೊಂಡು ಅವರೆಕಾಯಿ ನೆಲಕ್ಕೆಲ್ಲ ಚೆಲ್ಲಿತು. ಆಯ್ದು ಕೊಡಲು ಬಗ್ಗಿದೆ. ಬೆರಳಿಗೆ ಸೊಗಡು ಅಂಟಿತು. ಆಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ ಸ್ಪಿರಿಟ್ಟಿನ ವಾಸನೆ ಕುಡಿಯುವ ಮೂಗು ನನ್ನದು. ಬೇರೆ ವಾಸನೆಗಳು ಅದಕ್ಕೆ ಅಷ್ಟಾಗಿ ತಾಕುವುದಿಲ್ಲ. ಆದರೆ ಅವರೆಯ ಸೊಗಡು ನೇರವಾಗಿ ಎದೆಗೆ ಇಳಿಯಿತು. ಮಾರಂಡಹಳ್ಳಿಯ ಆಚೆ, ಗುಡ್ಡದ ಬುಡದಲ್ಲಿ, ಮೂವರು ಹೆಂಗಸರು ಕಲ್ಲು ಹೊತ್ತು ಮಾಡಿದ ಹೊಲವೊಂದರ ವಾಸನೆ ಅದು. ಅಲ್ಲಿಗೆ ಹೋಗುವ ಬಸ್ಸು ಎದುರಿಗೇ ನಿಂತಿತ್ತು. ಲ್ಯಾಬಿಗೆ ಫೋನು ಮಾಡಿ ರಜೆ ಹೇಳಿ ಹತ್ತಿಬಿಟ್ಟೆ. ದಾರಿಯುದ್ದಕ್ಕೂ ಆ ಒಂದು ವರ್ಷವೇ ಕಣ್ಣ ಮುಂದೆ ನಡೆಯಿತು.

ನಮ್ಮಪ್ಪ ಉಪದೇಶಿಯಾಗಿದ್ದರು. ಪಾಸ್ಟರು ವಾರಕ್ಕೊಮ್ಮೆ ಬರುವ ಕಡೆ, ಉಳಿದ ದಿನಗಳಲ್ಲಿ ಹಳ್ಳಿ ಸುತ್ತಿ ಪ್ರಾರ್ಥನೆ ನಡೆಸುವುದು, ಕಾಯಿಲೆಯವರನ್ನು ನೋಡುವುದು, ಮಕ್ಕಳಿಗೆ ಹಾಡು ಕಲಿಸುವುದು ಉಪದೇಶಿಯ ಕೆಲಸ. ಹಳೇ ಮೊಪೆಡ್ಡಿನ ಮೇಲೆ ಕಂಬೈನಲ್ಲೂರಿನ ತನಕ ತಿರುಗುತ್ತಿದ್ದರು. ಚರ್ಚಿನ ಸಭೆಯವರು ಕೊಟ್ಟ ಹೆಂಚಿನ ಮನೆಯಲ್ಲಿ ನಾವಿದ್ದೆವು: ಅಪ್ಪ, ಅವ್ವ, ಅಕ್ಕ ಎಸ್ತರ್, ನಾನು. ಗಂಡುಮಕ್ಕಳಿಲ್ಲ. ಅಕ್ಕನಿಗೆ ಓಮಲೂರಿನಲ್ಲಿ ಮದುವೆಯಾಗಿತ್ತು. ನಾನು ಸೇಲಂನಲ್ಲಿ ಲ್ಯಾಬ್ ಟೆಕ್ನಿಷಿಯನ್ ಓದು ಮುಗಿಸಿ ಕೆಲಸ ಹುಡುಕುತ್ತಿದ್ದೆ. ಅವ್ವ ಸರ್ಕಾರಿ ಶಾಲೆಯಲ್ಲಿ ಮಕ್ಕಳ ಮಧ್ಯಾಹ್ನದ ಊಟಕ್ಕೆ ಅಡುಗೆ ಮಾಡುತ್ತಿದ್ದಳು. ಒಂದು ಬೇಸಿಗೆಯಲ್ಲಿ, ಮೂರು ದಿನ ಜ್ವರ ಅಂತ ಮಲಗಿದ ಅಪ್ಪ ಮತ್ತೆ ಏಳಲಿಲ್ಲ.

ತಾತನ ಹೊಲವೆಲ್ಲ ದೊಡ್ಡಪ್ಪನ ಕೈಯಲ್ಲಿತ್ತು. ದೊಡ್ಡಪ್ಪ ಸಾಮುವೇಲಪ್ಪ ಸಭೆಯ ಹಿರಿಯರು. ಭಾನುವಾರ ಕಾಣಿಕೆಯ ಚೀಲ ಹಿಡಿಯುವವರು ಅವರೇ, ಹಬ್ಬದ ಲೆಕ್ಕ ನೋಡುವವರೂ ಅವರೇ. ಕೆಳಗೆ ಬಾವಿಯಿರುವ ಒಳ್ಳೆಯ ಹೊಲ, ಮೇಲೆ ಗುಡ್ಡಕ್ಕೆ ಅಂಟಿದ ಕಲ್ಲುಗಾಡು. ಪ್ರತಿ ವರ್ಷ ನಮ್ಮ ಮನೆಗೆ ಒಂದು ಮೂಟೆ ರಾಗಿ ಕಳಿಸುತ್ತಿದ್ದರು. ಅಪ್ಪ ಅದನ್ನು ಅಣ್ಣನ ಪ್ರೀತಿ ಅನ್ನುತ್ತಿದ್ದರು. ಅದು ತಮ್ಮದೇ ಹೊಲದ ರಾಗಿ ಅಂತ ಅವರಿಗೆ ಒಂದು ದಿನವೂ ಅನಿಸಿರಲಿಲ್ಲವೇನೋ.

ಅಪ್ಪ ಹೋಗಿ ವರ್ಷ ತುಂಬಿದ ದಿನ ಮನೆಯಲ್ಲಿ ಪ್ರಾರ್ಥನೆ ಇಟ್ಟಿದ್ದೆವು. ಊಟ ಮುಗಿದ ಮೇಲೆ, ನಂಟರೆಲ್ಲ ಕೂತಿರುವಾಗಲೇ ದೊಡ್ಡಪ್ಪ ಮಾತು ತೆಗೆದರು.

“ರಾಹೇಲಮ್ಮಾ, ಮುಂದಿನ ವಾರ ರಿಜಿಸ್ಟ್ರಾರ್ ಆಫೀಸಿಗೆ ಬಂದು ನೀನೂ ಮಕ್ಳೂ ಒಂದು ಕೈಯೆಳುತ್ತು ಆಕ್ಬುಡಿ. ಸೊತ್ತು ನನ್ ಎಸ್ರಿಗೆ ಆಗ್ಲಿ. ತಮ್ಮ ದೇವ್ರ ಕೆಲ್ಸಕ್ಕೆ ನಿಂತೋನು. ಲೇವಿ ಕುಲದೋರ ತರಾ. ಎಲ್ಲಾ ಕುಲಕ್ಕೂ ಭೂಮಿ ಸಿಕ್ತು, ಲೇವಿಗೆ ಸಿಗ್ಲಿಲ್ಲ. ಯಾಕೆ? ದೇವ್ರೇ ಅವ್ರ ಪಂಗು. ಅದಕ್ಕಿಂತ ದೊಡ್ ಪಂಗು ಏನೈತೆ?”

ಕೈಯೆಳುತ್ತು ಅಂದರೆ ರುಜು, ಪಂಗು ಅಂದರೆ ಪಾಲು. ನಮ್ಮ ಕಡೆ ಕನ್ನಡದ ಬಾಯಲ್ಲೂ ತಮಿಳಿನ ಆ ಮಾತುಗಳೇ ಬರುವುದು. ಪಾಸ್ಟರಯ್ಯ ತಲೆಯಾಡಿಸಿದರು. ನಂಟರಲ್ಲಿ ಒಬ್ಬರು “ಆಮೆನ್” ಅಂದೂಬಿಟ್ಟರು. ದೊಡ್ಡಪ್ಪ ದನಿ ತಗ್ಗಿಸಿ ಸೇರಿಸಿದರು: “ಈ ಮನೇನೂ ಒಸಾ ಉಪದೇಶಿಗೆ ಬಿಡ್ಬೇಕಲ್ಲ. ನಮ್ಮನೆ ಇಂದ್ಗಡೆ ಒಂದು ರೂಮೈತೆ. ಅಲ್ಲಿ ಇದ್ಕೊಳ್ಳಿ. ನಿಮ್ಮನ್ನ ಬಿಟ್ಬುಡ್ತೀನಾ?”

ಅವ್ವ ಎಲೆ ಎತ್ತುತ್ತಿದ್ದಳು. “ಯೋಚ್ನೆ ಮಾಡ್ತೀವಿ ಬಾವ” ಅಂದಳು, ಅಷ್ಟೇ. ಹಿಂದಿನ ಆ ರೂಮಿನಲ್ಲಿ ದೊಡ್ಡಪ್ಪ ದನದ ಮೇವು ತುಂಬುತ್ತಿದ್ದರು.

ನಮ್ಮ ಸಭೆಯ ಆರಾಧನೆ, ಹಾಡು, ಪಾಸ್ಟರ ಪ್ರಸಂಗ ಎಲ್ಲವೂ ತಮಿಳು. ನಾನು ಓದಿದ್ದೂ ತಮಿಳಿನಲ್ಲೇ. ಕನ್ನಡ ನನಗೆ ಬರೀ ಬಾಯಿಮಾತು. ಅವ್ವ ಮಾತ್ರ ಕೊಳ್ಳೇಗಾಲದ ಕಡೆಯವಳು, ಅಲ್ಲಿ ಕನ್ನಡ ಶಾಲೆಗೆ ಹೋದವಳು. ತವರಿನಿಂದ ತಂದ ಕನ್ನಡ ಬೈಬಲ್ ಅವಳ ಹತ್ತಿರವಿತ್ತು. ಆ ಪ್ರಾರ್ಥನೆಯ ಮಾರನೆಯ ದಿನದಿಂದ ಅವಳು ಶಾಲೆಯಿಂದ ಬಂದವಳೇ ಜಗಲಿಯಲ್ಲಿ ಕೂತು ಅದನ್ನು ಗಟ್ಟಿಯಾಗಿ ಓದತೊಡಗಿದಳು. ಓದುತ್ತಿದ್ದುದು ಕೀರ್ತನೆಯಲ್ಲ. ಇಸ್ರಾಯೇಲ್ಯರ ಕುಲಗಳಿಗೆ ಭೂಮಿ ಹಂಚಿದ ಅಧ್ಯಾಯಗಳು. ಯಾರೂ ಓದದೆ ಹಾಳೆ ಮಗುಚುವ ಭಾಗ ಅದು. ಬರೀ ಊರ ಹೆಸರು, ಹಳ್ಳದ ಹೆಸರು, ಮೇರೆಯ ಗುರುತು.

“ನೋಡೇ, ಎಂಗೆ ಬರ್ದವ್ರೆ” ಅನ್ನುತ್ತಿದ್ದಳು. “ಈ ಅಳ್ಳದಿಂದ ಆ ದಿಣ್ಣೆ, ದಿಣ್ಣೆಯಿಂದ ಆ ನೀರಿನ ಬುಗ್ಗೆ. ಥೇಟ್ ನಮ್ ವಿಎಓ ಬರ್ಯೋ ಅಂಗೇ ಐತೆ.” ವಿಎಓ ಅಂದರೆ ನಮ್ಮ ಕಡೆಯ ಗ್ರಾಮ ಲೆಕ್ಕಿಗ.

ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆರಳಿಟ್ಟು ಓದಿಸಿದಳು. ಕನ್ನಡ ಅಕ್ಷರ ನಾನು ಕಲಿತದ್ದು ಹೀಗೆ, ಸಾವಿರಾರು ವರ್ಷದ ಹಿಂದೆ ಯಾರೋ ನೆಟ್ಟ ಮೇರೆ ಕಲ್ಲುಗಳನ್ನು ಒಂದೊಂದಾಗಿ ದಾಟುತ್ತಾ. ಒಂದು ಸಂಜೆ ಅವಳ ಬೆರಳು ಒಂದು ಕಡೆ ನಿಂತುಬಿಟ್ಟಿತು. ಚಲ್ಪಹಾದನೆಂಬವನಿಗೆ ಗಂಡುಮಕ್ಕಳಿರಲಿಲ್ಲ, ಐವರು ಹೆಣ್ಣುಮಕ್ಕಳಿದ್ದರು ಎಂಬಲ್ಲಿ. ಅವ್ವ ಆ ಐದೂ ಹೆಸರುಗಳನ್ನು ನಿಧಾನವಾಗಿ ಓದಿದಳು: ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ. ಆಮೇಲೆ ಪುಸ್ತಕ ಮುಚ್ಚಿ, ರಾತ್ರಿಯ ಅಡುಗೆಗೆ ಎದ್ದು ಹೋದಳು. ಒಲೆಯ ಮುಂದೆ ಏನೋ ಗುನುಗುತ್ತಿದ್ದಳು. ಹತ್ತಿರ ಹೋಗಿ ಕೇಳಿದರೆ ಹಾಡಲ್ಲ, ಅದೇ ಐದು ಹೆಸರು.

ಭಾನುವಾರ ಆರಾಧನೆಯ ನಡುವೆ ಸಾಕ್ಷಿ ಹೇಳುವ ಹೊತ್ತು ಅಂತ ಇರುತ್ತದೆ. ಯಾರಿಗೆ ಏನು ಒಳ್ಳೆಯದಾಯಿತೋ ಎದ್ದು ನಿಂತು ಹೇಳಿ ಸ್ತೋತ್ರ ಸಲ್ಲಿಸಬೇಕು. ಅವ್ವ ಅಷ್ಟು ವರ್ಷದಲ್ಲಿ ಒಮ್ಮೆಯೂ ಎದ್ದವಳಲ್ಲ. ಆ ಭಾನುವಾರ ಎದ್ದಳು. ಎದ್ದವಳು ತಮಿಳಿನಲ್ಲಿ ಶುರು ಮಾಡಿ, ಎರಡು ಮಾತಾದ ಮೇಲೆ ಕನ್ನಡಕ್ಕೆ ತಿರುಗಿದಳು. ಕೂತಿದ್ದವರಲ್ಲಿ ಮುಕ್ಕಾಲು ಪಾಲು ಮನೆಯಲ್ಲಿ ಕನ್ನಡವನ್ನೇ ಆಡುವವರು. ಆದರೂ ಆ ಗೋಡೆಗಳ ಒಳಗೆ ಅದು ಕೇಳಿಸಿದ್ದು ಅವತ್ತೇ ಮೊದಲು.

“ಐದು ಜನ ಅಕ್ಕತಂಗೀರು. ಅಪ್ಪ ಸತ್ತೋಗಿದ್ದ, ಅಣ್ಣತಮ್ಮ ಇಲ್ಲ. ಎಲ್ಲಾ ಹಿರೀಕರು ಸೇರಿದ್ ಕಡೆ, ಗುಡಾರದ ಬಾಗ್ಲಾಗೆ ಬಂದು ನಿಂತ್ಕಂಡ್ರು. ಗಂಡ್ಮಗ ಇಲ್ಲ ಅಂದ್ರೆ ನಮ್ಮಪ್ಪನ ಎಸ್ರು ಅಳಿಸೋಗ್ಬೇಕಾ, ನಮ್ಗೂ ಭೂಮಿ ಕೊಡಿ ಅಂದ್ರು. ಮೋಶೆ ತಾನೇ ತೀರ್ಮಾನ ಮಾಡ್ನಿಲ್ಲ, ದೇವ್ರತ್ರ ಓದ. ಆ ಹುಡ್ಗೀರು ಯೋಳಾದು ಸರಿ ಅಂತ ದೇವ್ರೇ ಅಂದ. ಇದು ನನ್ ಸಾಕ್ಷಿ. ನಂಗೆ ಇಬ್ರು ಹೆಣ್ಮಕ್ಳು. ನಾವು ಕೈಯೆಳುತ್ತು ಆಕಲ್ಲ.”

ನನಗೆ ಚಾಪೆಯ ಕೆಳಗೆ ತೂರಿಕೊಳ್ಳೋಣ ಅನಿಸಿತು. ಪಾಸ್ಟರಯ್ಯ ತೆಂಕಣ ತಮಿಳುನಾಡಿನ ಕಡೆಯವರು, ಒಳ್ಳೆಯ ಮನುಷ್ಯ, ಕನ್ನಡ ಅರ್ಥವಾಗುತ್ತಿತ್ತು. ತಮಿಳಿನಲ್ಲಿ ಮೆಲ್ಲಗೆ ಹೇಳಿದರು: “ಅಮ್ಮಾ, ಅದನ್ನೆಲ್ಲ ಆತ್ಮಿಕ ಅರ್ಥದಲ್ಲಿ ತೆಗೆದುಕೊಳ್ಳಬೇಕು. ಅವರಿಗೆ ಹಂಚಿದ ಕಾನಾನ್ ದೇಶ ಅಂದರೆ ಪರಲೋಕ. ನಮ್ಮ ಪಾಲು ಮೇಲಿದೆ.”

“ಪರ್ಲೋಕಕ್ಕೆ ಮೇರೆ ಯಾಕೆ ಅಯ್ಯಾ?” ಅಂದಳು ಅವ್ವ. ದನಿ ಏರಿಸಲಿಲ್ಲ. “ಇಲ್ಲಿಂದ ಇಲ್ಲೀಗಂಟ ಅಂತ ಅಧ್ಯಾಯಗಟ್ಲೆ ಬರ್ದವ್ರಲ್ಲ. ಪರ್ಲೋಕದಾಗೆ ಅಳ್ಳ ದಿಣ್ಣೆ ಐತಾ? ಸತ್ತ ಮ್ಯಾಲೆ ಓಗೋ ಮನೇಗೆ ಸರ್ವೇಯರು ಬೇಕಾ?”

ಹೆಂಗಸರ ಸಾಲಿನಲ್ಲಿ ಯಾರೋ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ದೊಡ್ಡಪ್ಪ ಕಾಣಿಕೆಯ ಚೀಲ ಹಿಡಿದುಕೊಂಡೇ ಎದ್ದರು.

“ಲೇವಿ ಕುಲಕ್ಕೆ ಭೂಮಿ ಇಲ್ಲ ಅಂತ್ಲೂ ಬರ್ದೈತೆ!”

“ಬರ್ದೈತೆ ಬಾವ. ಅವ್ರಿಗೆ ಇರಾಕೆ ಊರು, ದನ ಮೇಯ್ಸಾಕೆ ಸುತ್ತ ಹುಲ್ಲುಗಾವ್ಲು ಕೊಟ್ರು ಅಂತ್ಲೂ ಬರ್ದೈತೆ. ಮಿಕ್ಕ ಕುಲದೋರು ಬೆಳ್ದುದ್ರಾಗೆ ಹತ್ತರಲ್ಲಿ ಒಂದು ಅವ್ರಿಗೆ ಕೊಡ್ತಿದ್ರು. ನೀವು ನಿಮ್ ತಮ್ಮನ್ನ ಲೇವಿ ಅಂತೀರಿ. ಹತ್ತರಲ್ಲಿ ಒಂದು ಯಾವ ವರ್ಷ ಕೊಟ್ರಿ?”

“ಆ ಹುಡ್ಗೀರು ಕುಲದೊಳ್ಗೇ ಮದ್ವೆ ಆಗ್ಬೇಕು ಅಂತೈತೆ. ಅದನ್ನ್ಯಾಕೆ ನುಂಗ್ದೆ?”

“ಅದು ಕೊಟ್ಟ ಮ್ಯಾಲಿನ ಮಾತು. ಮೊದ್ಲು ಕೊಟ್ರು. ನೀವೂ ಮೊದ್ಲು ಕೊಡಿ, ಮದ್ವೆ ಮಾತು ಆಮ್ಯಾಕೆ ಆಡಾನ.”

ಹೇಳಿ ಕೂತಳು. ಆರಾಧನೆ ಹೇಗೆ ಮುಗಿಯಿತೋ ನನಗೆ ನೆನಪಿಲ್ಲ. ಹೊರಗೆ ಬಂದಾಗ ಯಾರೂ ನಮ್ಮ ಜೊತೆ ಮಾತಾಡಲಿಲ್ಲ. ಚಪ್ಪಲಿ ಮೆಟ್ಟುವಾಗ ನೋಡಿದೆ, ಅವ್ವನ ಬೆನ್ನಿನ ರವಿಕೆ ಬೆವರಿಗೆ ತೊಯ್ದುಹೋಗಿತ್ತು.

ಆ ವರ್ಷ ರಾಗಿಯ ಮೂಟೆ ಬರಲಿಲ್ಲ. ಹೊಸ ಉಪದೇಶಿ ಬರುವ ದಿನ ಹತ್ತಿರವಾಯಿತು. ಅಕ್ಕ ಓಮಲೂರಿನಿಂದ ಬಂದು, “ಕೇಸು ಆಕಾನ ಅವ್ವ, ಬಾವಿ ಒಲದಲ್ಲಿ ಸರೀ ಅರ್ಧ ಬರ್ತೈತೆ” ಅಂತ ಹಾರಾಡಿದಳು. ಅಷ್ಟರಲ್ಲಿ ದೊಡ್ಡಪ್ಪ ಹೇಳಿಕಳಿಸಿದರು: ಅಷ್ಟು ಬೇಕಿದ್ದರೆ ಗುಡ್ಡದ ಮೇಲಿನ ಕಲ್ಲುಗಾಡು ತಗೊಳ್ಳಲಿ. ತಗೊಳ್ಳುವುದಿಲ್ಲ, ನಾಚಿಕೆಯಾಗಿ ಸುಮ್ಮನಾಗುತ್ತಾರೆ ಅಂತ ಅವರ ಎಣಿಕೆ.

ಆ ಎಣಿಕೆಯನ್ನು ತಲೆಕೆಳಗು ಮಾಡಿದವಳು ಪೊನ್ನತ್ತೆ. ಅಪ್ಪನಿಗೂ ದೊಡ್ಡಪ್ಪನಿಗೂ ಅಕ್ಕ. ಎಪ್ಪತ್ತು ದಾಟಿದವಳು, ಗಂಡ ಹೋದ ಮೇಲೆ ಕಂಬೈನಲ್ಲೂರಿನಲ್ಲಿ ಮೈದುನನ ಮನೆಯ ಮೂಲೆಯೊಂದರಲ್ಲಿ ಇದ್ದಳು. ಅವ್ವನ ಸಾಕ್ಷಿಯ ಸುದ್ದಿ ಅಲ್ಲಿಗೂ ಮುಟ್ಟಿತ್ತು. ಒಂದು ಬೆಳಗ್ಗೆ ಬಟ್ಟೆಯ ಗಂಟು ಹಿಡಿದು ಬಸ್ಸಿಳಿದವಳು ನಮ್ಮ ಮನೆಗೆ ಬರದೆ ನೇರವಾಗಿ ಬಾವಿ ಹೊಲಕ್ಕೆ ಹೋಗಿ ಬಾವಿಕಟ್ಟೆಯ ಮೇಲೆ ಕೂತಳು. ದೊಡ್ಡಪ್ಪ ಓಡಿಬಂದರು. ನಾವೂ ಹೋದೆವು.

“ಲೇ ಸಾಮುವೇಲು, ಅಪ್ಪಂಗೆ ಎಷ್ಟು ಮಕ್ಳು?”

“ಇದೇನಕ್ಕಾ ಕೇಳ್ತೀಯ?”

“ಮೂರು ಜನ ಕಣ್ಲಾ. ಮದ್ವೇಲಿ ಒಂದು ಸೀರೆ ಉಡ್ಸಿ ಕಳ್ಸಿದ್ರಿ. ಸೀರೆ ಅರ್ದೋಗಿ ಎಷ್ಟೋ ವರ್ಷ ಆಯ್ತು. ಒಲ ಇನ್ನೂ ಇಲ್ಲೇ ಐತೆ. ನಂಗೂ ಪಂಗು ಬೇಕು.”

ದೊಡ್ಡಪ್ಪನ ಮುಖ ಕಪ್ಪಿಟ್ಟಿತು. ಅವರು ಮಾತಾಡಿದ್ದರಲ್ಲಿ ಸುಳ್ಳಿರಲಿಲ್ಲ ಅಂತ ಈಗ ಅನಿಸುತ್ತದೆ. “ಈ ಮಣ್ಣಾಗೆ ನಾನು ಆಯಸ್ಸು ಸುರ್ದಿದೀನಿ. ತಮ್ಮ ಬೈಬಲ್ ಇಡ್ಕಂಡು ಊರೂರು ತಿರಿಗ್ದ. ನೀನು ಗಂಡನ ಮನೇಗೆ ಓದೆ. ಬಾವಿ ತೋಡ್ದೋನು ನಾನು. ಇವತ್ತು ಎಲ್ರೂ ಬಂದು ಪಂಗು ಪಂಗು ಅಂದ್ರೆ?”

ಅವ್ವ ಮುಂದೆ ಬಂದಳು. “ಅದು ನಿಜ ಬಾವ. ಅದಕ್ಕೇ ಬಾವಿ ಒಲದಾಗೆ ಅರ್ಧ ಕೇಳಲ್ಲ. ಗುಡ್ಡ ಕೊಡಿ. ಗುಡ್ಡದಿಂದ ಬಾವೀಗೆ ಇಳ್ಯೋ ಈ ಪಟ್ಟಿ ಕೊಡಿ, ನೀರಾಗೆ ನಮ್ ಸರ್ದಿ ಕೊಡಿ. ಆದ್ರೆ ದಾನ ಅಂತ ಬ್ಯಾಡ. ಅಳ್ದು, ಕಲ್ಲು ನೆಟ್ಟು, ಪಟ್ಟಾ ಮಾಡ್ಸಿ ಕೊಡಿ.”

ಅಕ್ಕ ಅವ್ವನನ್ನು ದುರುಗುಟ್ಟಿ ನೋಡಿದಳು. ಪೊನ್ನತ್ತೆ ಎದ್ದು ಗುಡ್ಡದ ಕಡೆ ಕೈ ಮಾಡಿದಳು.

“ನಾನೂ ಅಲ್ಲೇ ಇರ್ತೀನಿ. ಕಾಲೇಬಂಗೆ ಎಂಬತ್ತೈದು ವರ್ಷ ಆಗಿತ್ತಂತೆ. ಬಯಲು ಸೀಮೆ ಬ್ಯಾಡ, ಆ ಬೆಟ್ಟ ಕೊಡು ಅಂತ ಕೇಳ್ದ. ನಂಗಿನ್ನೂ ಅಷ್ಟಾಗಿಲ್ಲ.”

ಓದು ಬಾರದ ಪೊನ್ನತ್ತೆ ಬೈಬಲಿನ ಆ ಕತೆಯನ್ನು ಯಾವ ಭಾನುವಾರ ಕೇಳಿ ಇಟ್ಟುಕೊಂಡಿದ್ದಳೋ. ಮೂರನೇ ಒಂದು ಭಾಗಕ್ಕೆ ಪೊನ್ನತ್ತೆಯೇ ಕೋರ್ಟಿಗೆ ಹೋಗುವುದಕ್ಕಿಂತ ಇದು ಮೇಲು ಅಂತ ದೊಡ್ಡಪ್ಪನಿಗೂ ತೋಚಿರಬೇಕು. ವಾರ ಕಳೆದು ಸರ್ವೇಯರಿಗೆ ಅವರೇ ಅರ್ಜಿ ಕೊಟ್ಟರು.

ಅಳತೆಯ ದಿನ ಪಾಸ್ಟರಯ್ಯ ಕರೆಯದೆಯೇ ಬಂದರು. ಕಲ್ಲು ನೆಡುವ ಮುನ್ನ ಟೋಪಿ ತೆಗೆದು, “ಏನಂತ ಪ್ರಾರ್ಥನೆ ಮಾಡಲಿ ಅಮ್ಮಾ?” ಅಂತ ಕೇಳಿದರು.

“ಕ್ಷಮಿಸು ಅಂತ ಮಾತ್ರ ಬ್ಯಾಡ ಅಯ್ಯಾ. ನಾವು ತಪ್ಪು ಮಾಡಿಲ್ಲ. ಸ್ತೋತ್ರ ಅನ್ನಿ, ಸಾಕು.”

ಅವರು ಹಾಗೇ ಮಾಡಿದರು.

ಭೂಮಿ ಅಂತ ಬಾಯಲ್ಲಿ ಹೇಳುತ್ತಿದ್ದೆವೇ ಹೊರತು ಅಲ್ಲಿ ಮಣ್ಣು ಕಣ್ಣಿಗೆ ಬೀಳುತ್ತಿರಲಿಲ್ಲ. ಆಳೆತ್ತರ ಲಾಂಟಾನ ಪೊದೆ, ಅದರಡಿ ಕಲ್ಲು. ತಗಡಿನ ಎರಡು ಕೋಣೆ ಎಬ್ಬಿಸಿ ಹೆಂಚಿನ ಮನೆ ಬಿಟ್ಟು ಬಂದೆವು. ಅವ್ವ ಅಲ್ಲಿ ದುಡಿಯುತ್ತಿದ್ದುದು ಶಾಲೆಗೆ ಹೋಗುವ ಮುನ್ನ, ಬಂದ ಮೇಲೆ. ಪೊನ್ನತ್ತೆಯೂ ನಾನೂ ದಿನವಿಡೀ. ಪೊನ್ನತ್ತೆ ಮಚ್ಚು ಹಿಡಿದು ಪೊದೆಯ ಬುಡಕ್ಕೆ ಕೂತರೆ ಪೊದೆ ಬೀಳುವ ತನಕ ಏಳುತ್ತಿರಲಿಲ್ಲ. ನಾನು ಕಲ್ಲು ಹೊತ್ತು ಬದುವಿಗೆ ಒಟ್ಟುತ್ತಿದ್ದೆ. ರಕ್ತದ ಹನಿಯನ್ನು ಗಾಜಿನ ಮೇಲೆ ಸವರಲು ಕಲಿತ ಬೆರಳುಗಳಲ್ಲಿ ಬೊಬ್ಬೆ ಎದ್ದು ಒಡೆದು ಗಟ್ಟಿಯಾದವು. ಒಮ್ಮೆ ಸಿಟ್ಟಿನಿಂದ ಬುಟ್ಟಿ ಎಸೆದು, “ಇದೊಂದು ಒಲಾನಾ? ಇಷ್ಟಗಲ ಜಾಗಕ್ಕೆ ಇಷ್ಟು ಕಷ್ಟನಾ?” ಅಂದೆ.

ಅವ್ವ ನಕ್ಕಳು. “ಯೋಸೇಫನ ಕುಲದೋರೂ ಇಂಗೇ ಗೊಣಗಿದ್ರು, ಜಾಗ ಸಾಲ್ದು ಅಂತ. ಭೂಮಿ ಹಂಚ್ತಿದ್ದ ಯೆಹೋಶುವ ಏನಂದ ಗೊತ್ತಾ? ಕಾಡೈತಲ್ಲ, ಅತ್ತಿ ಕಡ್ಕೊಳ್ಳಿ ಅಂದ.”

ದೊಡ್ಡಪ್ಪನ ಮುಲಾಜಿಗೆ ಊರಿನಲ್ಲಿ ಯಾರೂ ಟ್ರ್ಯಾಕ್ಟರ್ ಕೊಡಲಿಲ್ಲ. ಗುದ್ದಲಿಯಲ್ಲೇ ಅಗೆದೆವು. ಆಗಸ್ಟಿನಲ್ಲಿ ಆಡಿ ತಿಂಗಳು ಕಳೆದು, ತಡವಾಗಿಯೇ ರಾಗಿ ಬಿತ್ತಿ ನಡುನಡುವೆ ಅವರೆ ಸಾಲು ಇಟ್ಟೆವು. ಮಳೆ ಬರುತ್ತೇನೆ ಬರುತ್ತೇನೆ ಅಂತ ಸತಾಯಿಸಿ, ಸೆಪ್ಟೆಂಬರ್ ಕಡೆಗೆ, ಪುರಟ್ಟಾಸಿಯಲ್ಲಿ ಒಂದು ಮಧ್ಯಾಹ್ನ ಗುಡ್ಡವನ್ನೇ ಮುಚ್ಚಿಕೊಂಡು ಇಳಿಯಿತು. ತಗಡಿನ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳದು. ಪೊನ್ನತ್ತೆ ಹೊರಗೆ ಹೋಗಿ ತೊಯ್ಯುತ್ತಾ ನಿಂತು, ಬದು ಒಡೆಯುತ್ತದಾ ಅಂತ ನೋಡಿದಳು. ಒಡೆಯಲಿಲ್ಲ. ನಾವು ಒಟ್ಟಿದ ಕಲ್ಲು ನೀರನ್ನು ತಡೆದು ಹೊಲದಲ್ಲೇ ಇಂಗಿಸಿತು. ಅವಳು ಮಗುವಿನ ಹಾಗೆ ಕೇಕೆ ಹಾಕಿದ್ದು ತಗಡಿನ ಸದ್ದನ್ನೂ ಮೀರಿ ಕೇಳಿಸಿತು.

ತೆನೆ ಹಾಲು ತುಂಬುವ ಹೊತ್ತಿಗೆ ಹಂದಿಗಳು ಬಂದವು. ಬೆಳಗ್ಗೆ ಎದ್ದು ನೋಡಿದರೆ ಮೇಲಿನ ಅರ್ಧ ಹೊಲ ರೋಲರು ಹೊರಳಿದ ಹಾಗೆ ಮಲಗಿತ್ತು. ನಾನು ಅಲ್ಲೇ ಕುಕ್ಕರಿಸಿ ಅತ್ತುಬಿಟ್ಟೆ.

“ದೇವ್ರು ಕೊಟ್ಟಿದ್ದು ಅಂತೀಯಲ್ಲ, ಕೊಟ್ಟೋನು ಇಂಗ್ಯಾಕೆ ಮಾಡ್ತಾನೆ?”

“ಕೊಡ್ತೀನಿ ಅಂದ, ಗುಡ್ಸಿ ಕೊಡ್ತೀನಿ ಅನ್ನಲಿಲ್ಲ” ಅಂದಳು ಅವ್ವ. “ಅವ್ರಿಗೂ ಒಂದೇ ದಿನಕ್ಕೆ ಸಿಗ್ಲಿಲ್ಲ. ಏಳು, ಮಿಕ್ಕಿದ್ದು ನೋಡಾನ.”

ಆ ಹಳೆಯ ಕತೆಯಲ್ಲಿ, ಇಸ್ರಾಯೇಲ್ಯರು ಬರುವ ಮುನ್ನ ಆ ನೆಲದಲ್ಲಿ ಬದುಕಿದ್ದ ಜನ ಏನಾದರು ಅನ್ನುವ ಕಡೆ ನನಗೆ ಇವತ್ತಿಗೂ ನೆಮ್ಮದಿಯಿಲ್ಲ. ಅವ್ವನನ್ನು ಕೇಳಿದ್ದೆ. ಗೊತ್ತಿಲ್ಲ ಅಂತಲೇ ಹೇಳಿದಳು. ನಾವು ಓಡಿಸಬೇಕಾಗಿದ್ದದ್ದು ಹಂದಿಗಳನ್ನು ಮಾತ್ರ. ಮನೆಯಲ್ಲಿದ್ದ ಹಳೇ ಸೀರೆಗಳನ್ನೆಲ್ಲ ಗೂಟಕ್ಕೆ ಕಟ್ಟಿ ಹೊಲದ ಸುತ್ತ ಎಳೆದೆವು. ಗಾಳಿಗೆ ಸೀರೆ ಪಟಪಟ ಅಂದರೆ ಹಂದಿ ಒಳಗೆ ಕಾಲಿಡಲು ಹೆದರುತ್ತದೆ. ಅಕ್ಕನೂ ಓಮಲೂರಿನಿಂದ ಒಂದು ಕಂತೆ ಸೀರೆ ತಂದು, ಅವತ್ತು ದುರುಗುಟ್ಟಿದ್ದನ್ನೆಲ್ಲ ಮರೆತು, ನಮ್ಮ ಜೊತೆ ಗೂಟ ಹೊಡೆದಳು. ಉಳಿದ ಅರ್ಧ ಉಳಿಯಿತು. ಅವರೆ ಹೂ ಬಿಟ್ಟು, ಕಾಯಿ ಕಟ್ಟಿ, ಡಿಸೆಂಬರಿನ ಮಂಜಿನಲ್ಲಿ ಹೊಲವೆಲ್ಲ ಸೊಗಡು ತುಂಬಿತು.

ಬೆಳೆ ಕೈಗೆ ಬಂದ ಮೇಲೆ ಸಭೆಯಲ್ಲಿ ಸುಗ್ಗಿಯ ಹಬ್ಬ. ಎಲ್ಲರೂ ತಮ್ಮ ಬೆಳೆಯಲ್ಲಿ ಮೊದಲನೆಯದನ್ನು ತಂದು ಮುಂದೆ ಇಡುತ್ತಾರೆ. ಆಮೇಲೆ ಅಂಗಳದಲ್ಲಿ ಅವನ್ನು ಹರಾಜು ಕೂಗುತ್ತಾರೆ. ಕೂಗುವವರು ಯಾವಾಗಲೂ ದೊಡ್ಡಪ್ಪನೇ. ಇದು ಇಂಥವರ ಹೊಲದ ಟೊಮೇಟೊ, ಇದು ಇಂಥವರ ತೋಟದ ಬಾಳೆ ಅಂತ ಬೆಳೆದವರ ಹೆಸರು ಹೇಳಿ ಕೂಗುವುದು ಪದ್ಧತಿ. ಅಷ್ಟು ವರ್ಷ ನಮ್ಮ ಮನೆಯಿಂದ ಏನೂ ಹೋಗಿರಲಿಲ್ಲ. ಉಪದೇಶಿಯ ಮನೆಯಲ್ಲಿ ಬೆಳೆಯೆಲ್ಲಿ?

ನಮ್ಮ ರಾಗಿ ತೆನೆಯ ಕಟ್ಟು ದೊಡ್ಡಪ್ಪನ ಕೈಗೆ ಬಂತು. ತಿರುಗಿಸಿ ನೋಡಿದರು. ತೆನೆ ಗಿಡ್ಡವಾದರೂ ಗಟ್ಟಿಯಾಗಿತ್ತು. ಅವರು ಬೇಸಾಯಗಾರರು, ಅದು ಅವರ ಬೆರಳಿಗೇ ತಿಳಿದಿರಬೇಕು.

“ಇದು ರಾಗಿ…” ಅಂದರು. “ನಮ್ ಮೇಲಿನ ಒಲದ ರಾಗಿ…”

“ಯಾರ ಒಲ?” ಅಂದಳು ಪೊನ್ನತ್ತೆ, ಕೂತಲ್ಲಿಂದಲೇ.

ದೊಡ್ಡಪ್ಪ ಅವಳನ್ನು ನೋಡಿದರು, ಆಮೇಲೆ ಅವ್ವನನ್ನು. ಅವ್ವ ತಲೆ ತಗ್ಗಿಸಲಿಲ್ಲ. ಅವಳ ಪಕ್ಕದಲ್ಲಿ ನಾನೂ ತಲೆ ತಗ್ಗಿಸಲಿಲ್ಲ. ದೊಡ್ಡಪ್ಪ ಗಂಟಲು ಸರಿ ಮಾಡಿಕೊಂಡು, ಕಟ್ಟನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದರು.

“ರಾಹೇಲಮ್ಮನ ಒಲದ ರಾಗಿ” ಅಂತ ಕೂಗಿದರು. ಗಟ್ಟಿಯಾಗಿಯೇ ಕೂಗಿದರು. “ಪೊನ್ನಮ್ಮ, ರಾಹೇಲಮ್ಮ, ಅವಳ ಹೆಣ್ಮಕ್ಳು ಬೆಳ್ದ ರಾಗಿ. ಯಾರು ಕೇಳ್ತೀರಾ, ಕೇಳಿ!”

ಕಟ್ಟು ಯಾರ ಪಾಲಾಯಿತೋ ನಾನು ಗಮನಿಸಲೇ ಇಲ್ಲ. ಹರಾಜು ಮುಗಿದು ಜನ ಚದುರುವಾಗ, ಸಾಕ್ಷಿಯ ದಿನ ನಮ್ಮ ಜೊತೆ ಒಂದು ಮಾತೂ ಆಡದೆ ಹೋಗಿದ್ದ ಹೆಂಗಸೊಬ್ಬಳು ಅವ್ವನ ಹತ್ತಿರ ಬಂದಳು. ಸುತ್ತ ಒಮ್ಮೆ ನೋಡಿ ಪಿಸುಗುಟ್ಟಿದಳು.

“ರಾಹೇಲಕ್ಕಾ, ನಮ್ ತವರ್ನಾಗೂ ಒಲ ಐತೆ. ಅಣ್ಣದೀರು ಕೊಡಲ್ಲ ಅಂತವ್ರೆ. ಆ ಐದು ಜನ ಅಕ್ಕತಂಗೀರ ಕತೆ ಯಾವ ಅಧ್ಯಾಯದಾಗೈತೆ?”

ಅವ್ವ ಅವಳ ಕೈ ಹಿಡಿದು ಮರದ ನೆರಳಿಗೆ ಕರೆದುಕೊಂಡು ಹೋಗಿ ಕೂರಿಸಿದಳು.

“ಅಧ್ಯಾಯ ಆಮ್ಯಾಕೆ ಯೋಳ್ತೀನಿ” ಅಂದಳು. “ಮೊದ್ಲು ನಿಮ್ಮಪ್ಪನ ಒಲದ ಮೇರೆ ಯೋಳು. ಎಲ್ಲಿಂದ ಎಲ್ಲೀಗಂಟ ಐತೆ?”